ಗೇಟಿನ ಮಷೀನಿಗೆ ಗೊತ್ತಿಲ್ಲದವರು

“ಬೋಳಿಮಗನೆ, ಒಂದೊಂದೇ ಹೆಸರು ಸೇರಿಸ್ಕೋತ ಕುಂತ್ರ ನಿನ್ನ ಹೆಣ ಎತ್ತೂ ತನಕ ಮುಗೀತದೇನಲೇ? ಸರ್ವರ್ ಬಂದ್ ಮಾಡು. ಹೊಸಾ ಫೈಲ್ ಒಮ್ಮೆಲೇ ಸುರುವು!”

ಬೈಯುತ್ತಿದ್ದವರು ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಸಾಹೇಬರು, ಜಯತೀರ್ಥರು. ಬೈಸಿಕೊಳ್ಳುತ್ತಿದ್ದವನು ಗುತ್ತಿಗೆಯ ಆಪರೇಟರ್ ಜೈಭೀಮ. ಅವನ ಚಹಾದ ಕಪ್ಪು ಎಲ್ಲರ ಕಪ್ಪಿನ ಜೊತೆ ಇರುತ್ತಿರಲಿಲ್ಲ, ಕಿಟಕಿಯ ಮೇಲೆ ಬೇರೆಯೇ ಕೂತಿರುತ್ತಿತ್ತು.

ಕೂಲಿಗಳೆಲ್ಲರ ಹೆಸರು ಆ ಸರ್ವರಿನೊಳಗೆ. ಗೇಟಿನಲ್ಲಿ ಕಾರ್ಡು ಹಿಡಿದರೆ ಮಷೀನು ಸರ್ವರನ್ನು ಕೇಳುತ್ತದೆ. ಹೆಸರಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಸರ್ವರ್ ನಡೆಯುತ್ತಿರುವಾಗ ಸೇರಿಸಿದರೆ ಹಳಬರ ಜೊತೆ ಹೊಸಬರು ಕೂಡಿಕೊಳ್ಳುತ್ತಾರೆ. ನಿಲ್ಲಿಸಿ ಸುರಿದರೆ ಹಳೆಯದೆಲ್ಲ ಅಳಿಸಿ, ಫೈಲಿನಲ್ಲಿದ್ದವರಷ್ಟೇ ಉಳಿಯುತ್ತಾರೆ. ಹೊಸ ಫೈಲಿನಲ್ಲಿ ಪ್ಯಾಕಿಂಗಿಗೆ ಹೊಸ ಗುತ್ತಿಗೆದಾರನ ಆಳುಗಳಷ್ಟೇ ಇದ್ದರು. ಸಾಹೇಬರಿಗೆ ಬೇಕಾದದ್ದೂ ಅದೇ. ಧೂಳಿಗೆ ಮಾಸ್ಕು ಕೊಡಿ ಎಂದು ಆಫೀಸಿನ ಮುಂದೆ ಕೂತಿದ್ದ ಪ್ಯಾಕಿಂಗಿನ ಹೆಂಗಸರನ್ನು ಯಾರೂ ಕೆಲಸದಿಂದ ತೆಗೆದಂತಾಗಬಾರದು, ಅವರು ಒಳಗೂ ಬರಬಾರದು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಆ ಹೆಂಗಸರಲ್ಲಿ ಇಮಾಮ್ಬೀ ಇದ್ದಳು. ಅವ್ವ ಸತ್ತಮೇಲೆ ಜೈಭೀಮನಿಗೆ ರೊಟ್ಟಿ ಹಾಕಿ ಬೆಳೆಸಿದವಳು.

“ಸಾಹೇಬ್ರ, ಇಮಾಮ್ಬೀ ಖಾಲಾ ಭಾಳ ವರ್ಷದಾಕಿ ಅದಾಳ್ರಿ...”

“ನಿಂದೂ ಹೆಸರು ತಗೀಲೇನು?”

ಸಾಹೇಬರು ಫೋನು ಹಿಡಿದು ಹೊರಹೋದದ್ದೇ ತಡ, ಜೈಭೀಮ ಆ ಹೆಂಗಸರ ಹೆಸರುಗಳನ್ನೆಲ್ಲ ಹೊಸ ಫೈಲಿನ ಕೊನೆಗೆ ಅಂಟಿಸಿದ. ಸರ್ವರ್ ನಿಲ್ಲಿಸಿ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ಎಂಟರ್ ಒತ್ತಿದ. ಹೆಸರುಗಳು ಸರಸರ ಒಳಗೆ ಹೋದವು. ಕೊನೆಯಲ್ಲಿ ಕಂಪ್ಯೂಟರು ತಕರಾರು ತೆಗೆಯಿತು. ಸರ್ವರಿನ ಪಟ್ಟಿ ಮರದಂತೆ, ಪ್ರತಿ ಹೆಸರೂ ಒಬ್ಬ ಗುತ್ತಿಗೆದಾರನ ಕೊಂಬೆಯ ಕೆಳಗಿರಬೇಕು. ಆತುರದಲ್ಲಿ ಅವನು ಆ ಹೆಂಗಸರ ಹಳೆ ಗುತ್ತಿಗೆದಾರನ ಕೊಂಬೆಯನ್ನೇ ಹಾಕಿರಲಿಲ್ಲ. ಮೇಲಿನ ಕೊಂಬೆಯೇ ಇಲ್ಲ ಎಂದು ಕಂಪ್ಯೂಟರು ಇಮಾಮ್ಬೀಯನ್ನು ಬಿಟ್ಟಿತು, ಲಕ್ಷ್ಮಿಯನ್ನು ಬಿಟ್ಟಿತು, ಕಮರುನ್ನೀಸಾಳನ್ನು ಬಿಟ್ಟಿತು. ಅಷ್ಟರಲ್ಲಿ ಸಾಹೇಬರು ಹಿಂದೆ ಬಂದು ನಿಂತು ಎಲ್ಲ ಓದಿದ್ದರು.

“ಓಹೋ, ಕಳ್ಳತನ ಮಾಡ್ಲಿಕತ್ತೀಯೇನು? ಅದೂ ನೆಟ್ಟಗ ಬರಂಗಿಲ್ಲ. ನಿಮ್ಮಂಥ ಮಂದಿ ಕೈಯಾಗ ಕೀಬೋರ್ಡ್ ಕೊಟ್ರ ಹಿಂಗs ಆಗೂದು. ನಾಳಿಗೆ ಹೊಸಾ ಆಪರೇಟರ್ ಬರ್ತಾನ. ಅವಂಗ ಕೆಲಸ ತೋರಿಸಿ ನಿನ್ನ ಹಾದಿ ಹಿಡಿ.”

ಹೇಳಿ ನಕ್ಕರು. ಬೈಗುಳಕ್ಕಿಂತ ಆ ನಗೆಯೇ ಜೈಭೀಮನಿಗೆ ಹೆಚ್ಚು ಉರಿಯಿತು.

ಮರುದಿನ ಮುಂಜಾನೆ ಇಮಾಮ್ಬೀ ಕಾರ್ಡು ಹಿಡಿದಳು. ಕೆಂಪು. ಸೆರಗಿನಿಂದ ಒರೆಸಿ ಮತ್ತೆ ಹಿಡಿದಳು. ಕೆಂಪು.

“ಗೇಟ್ ತೆಗೀಪಾ, ದಿನಾ ನನ್ನ ಮಾರಿ ನೋಡ್ತಿ.”

“ಮಷೀನಿಗೆ ನೀ ಗೊತ್ತಿಲ್ಲಬೇ,” ಅಂದ ವಾಚ್‌ಮನ್. “ಹಿಂದ ಸರಿ.”

“ಯಾರ್ ತಗದ್ರು ನನ್ನ?”

“ಯಾರೂ ತಗದಿಲ್ಲ.”

ಜೈಭೀಮ ಸಾಲು ಮುರಿದು ಮುಂದೆ ನುಗ್ಗಿ ತನ್ನ ಕಾರ್ಡು ಹಿಡಿದ. ಹಸಿರು. “ಹೋಗು ಖಾಲಾ, ಲಗೂನ ಒಳಗ ಹೋಗು.”

ಇಮಾಮ್ಬೀ ಕದಲಲಿಲ್ಲ. “ಇದು ಯಾರ ಕೆಲಸ ಬೇಟಾ?”

“ನಂದs. ನನ್ನ ಕೈಲೆ ಮಾಡ್ಸಿದ್ರು.”

ಅವಳು ಕಾರ್ಡು ಹಿಡಿದ ಅವನ ಕೈ ಸರಿಸಿದಳು. “ನಿನ್ನ ಹೆಸರಿಲೆ ನಾ ಯಾಕ ಹೋಗ್ಲಿ? ನನಗ ಹೆಸರಿಲ್ಲೇನು?”

ಬುತ್ತಿ ಗಂಟು ಮಡಿಲಿಗಿಟ್ಟುಕೊಂಡು ಗೇಟಿಗೆ ಅಡ್ಡ ಕೂತೇಬಿಟ್ಟಳು. ಪಕ್ಕದಲ್ಲಿ ಲಕ್ಷ್ಮಿ, ಆಮೇಲೆ ಕಮರುನ್ನೀಸಾ. ಹೊಸ ಗುತ್ತಿಗೆದಾರನ ಆಳುಗಳು ತಲೆ ತಗ್ಗಿಸಿ, ಅವರ ಕಾಲು ದಾಟಿ, ಕಾರ್ಡು ಹಿಡಿದು ಒಬ್ಬೊಬ್ಬರಾಗಿ ಒಳಗೆ ಹೋದರು. ಜೈಭೀಮ ಇಮಾಮ್ಬೀಯ ಪಕ್ಕ ಕೂರಲು ಬಾಗಿದ. ಅವಳು ಸರಿದು ಜಾಗ ಕೊಡಲಿಲ್ಲ.