‘ಅದು’ ಎಂಬ ಸೀಸೆ

ಬೈರೂತಿನಲ್ಲಿ ಕ್ಯಾನ್ಸರನ್ನು ಯಾರು ಹೆಸರಿಟ್ಟು ಕರೆಯುತ್ತಾರೆ ಹೇಳಿ? ‘ಆ ಕಾಯಿಲೆ’ ಅನ್ನುತ್ತಾರೆ, ಇಲ್ಲವೇ ಬರೀ ‘ಅದು’. ಹೆಸರೆತ್ತಿದರೆ ಮನೆ ಹೊಕ್ಕೀತೆಂಬ ಹೆದರಿಕೆ. ಡಾಕ್ಟರೇಟು ಮಾಡಿದವರೂ ಇದಕ್ಕೆ ಹೊರತಲ್ಲ. ಹಿಯಾಮಳ ಪ್ರಯೋಗಾಲಯದಲ್ಲಿ ಯಾರೋ ಅಪರಿಚಿತ ರೋಗಿಯ ಕ್ಯಾನ್ಸರ್ ಕೋಶಗಳಿದ್ದ ಸೀಸೆಯ ಮೇಲೂ ‘ಅದು’ ಎಂದೇ ಬರೆದಿತ್ತು.

ಹಿಯಾಮ್ ಬೆಳೆಸುತ್ತಿದ್ದುದು ‘ಅದು’ ಆಗುವುದಕ್ಕೂ ಮುಂಚಿನ ಕೋಶಗಳನ್ನು. ಮೇದೋಜೀರಕ ಗ್ರಂಥಿಯ ಗಂಟೊಂದರಿಂದ ತೆಗೆದವು. ಪೂರ್ತಿ ಕೆಟ್ಟಿಲ್ಲ, ನೆಟ್ಟಗೂ ಇಲ್ಲ. ಅವು ಯಾವಾಗ, ಯಾಕೆ ಹಾದಿ ತಪ್ಪುತ್ತವೆಂದು ಗಾಜಿನ ತಟ್ಟೆಯಲ್ಲೇ ಕಾದು ನೋಡುವುದು ಅವಳ ಕೆಲಸ. ತಟ್ಟೆಯ ಮೇಲೆ ಬರೀ ಒಂದು ಸಂಖ್ಯೆ, ಯಾರದೆಂದು ಉಳಿದವರಿಗೆ ತಿಳಿಯದು. ಆದರೆ ಆ ಗಂಟು ಯಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಒಡಹುಟ್ಟಿದ ತಮ್ಮ ನಜೀಬನದು. ವೈದ್ಯರು ಅರ್ಧ ಗ್ರಂಥಿ ಕತ್ತರಿಸಿ ತೆಗೆದಿದ್ದರು, ಇನ್ನರ್ಧ ಅವನ ಹೊಟ್ಟೆಯಲ್ಲೇ ಇತ್ತು.

ಆ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಾಳೆ! ಒಲೆಯಲ್ಲಿ ಉಬ್ಬಿದ ರೊಟ್ಟಿಯ ಹಾಗೆ ದುಂಡಗೆ, ಪೊಳ್ಳಾಗಿ ಕೂತಿರುತ್ತಿದ್ದ ಕೋಶಗಳ ಗುಂಪುಗಳು ಈಗ ಗಟ್ಟಿ ಮುದ್ದೆಯಾಗಿ ಎಲ್ಲೆಂದರಲ್ಲಿ ಚಾಚಿಕೊಂಡಿದ್ದವು. ತಮ್ಮನ ಹೊಟ್ಟೆಯಲ್ಲಿ ಉಳಿದದ್ದೂ ಹೀಗೇ ಆಗಿದ್ದರೆ? ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಕಾಫಿ ಬಗ್ಗಿಸಿಕೊಂಡು ಕುಡಿಯದೆ ಬಿಟ್ಟಳು. ನಜೀಬನ ಫೋನು ಬಂದರೆ ಎತ್ತಲಿಲ್ಲ. ಕೊನೆಗೆ ಜೊತೆಯವಳಾದ ವಿದಾದಳ ಮೇಲೆ ಹರಿಹಾಯ್ದಳು: ಈ ತಟ್ಟೆ ಮಾಡಿದವಳು ನೀನು, ಏನು ಮಾಡಿದೆ?

ವಿದಾದ್ ಬಿಳಿಚಿಕೊಂಡಳು.

“ನೀನು ಹೇಳಿದ್ಹಾಗೇ ಮಾಡ್ದೆ ಕಣೇ. ಬಾಗಿಲಲ್ಲಿ ನಿಂತ್ಕೊಂಡು ‘ಅದರಿಂದ ಒಂದಿಷ್ಟು ತೆಗೆದು ಹೊಸ ತಟ್ಟೆಗೆ ಹಾಕು, ಹಳೇ ತಟ್ಟೆ ಎಸೆದುಬಿಡು’ ಅಂದೆ. ನಾನು ‘ಅದು’ ಅಂತ ಬರೆದಿರೋ ಸೀಸೆಯಿಂದ ತೆಗೆದೆ, ಹಳೇ ತಟ್ಟೆ ಎಸೆದುಬಿಟ್ಟೆ. ಹೊಸ ತಟ್ಟೆ ಮೇಲೆ ಸಂಖ್ಯೆ ನೀನೇ ಬರೆದಿಟ್ಟಿದ್ದೆ, ನಾನು ನೋಡ್ಲಿಲ್ಲ.”

ಮುಂದಕ್ಕೆಂದು ಹೆಪ್ಪುಗಟ್ಟಿಸಿ ಕಾಪಿಟ್ಟ ಕೋಶಗಳಾದರೂ ಇದ್ದವೇ? ಅವನ್ನು ತಣ್ಣಗಿಡುವ ದ್ರವ ಸಾರಜನಕದ ಸರಬರಾಜು ನಿಂತ ತಿಂಗಳಲ್ಲೇ ಅವೂ ಸತ್ತಿದ್ದವು.

ತಟ್ಟೆಯಲ್ಲಿರುವುದು ಯಾರ ಕೋಶವೆಂದು ಹೇಳುವ ಗುರುತು ಪರೀಕ್ಷೆಗೆ ಕಳಿಸಿದರು. ವಿದಾದಳ ಮಾತು ತಪ್ಪಾಗಿರಲಿ, ಮಾಡಿದ ಕೆಲಸ ಉಳಿಯಲಿ ಎಂದು ಪ್ರಯೋಗಾಲಯದವರೆಲ್ಲ ಬೇಡಿಕೊಂಡರು. ಹಿಯಾಮ್ ಒಬ್ಬಳೇ, ಎಲ್ಲ ಹಾಳಾಗಿರಲಿ ದೇವರೇ ಎಂದು ಬೇಡಿಕೊಂಡಳು. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳ ಬಾಯಲ್ಲಿ ಎಂಥ ಪ್ರಾರ್ಥನೆ ನೋಡಿ!

ಫಲಿತಾಂಶ ಬಂತು. ತಟ್ಟೆಯಲ್ಲಿದ್ದವು ನಜೀಬನ ಕೋಶಗಳಲ್ಲ, ಆ ಸೀಸೆಯವು. ವಿದಾದ್ ಬಿಕ್ಕಿಬಿಕ್ಕಿ ಅತ್ತಳು. ಹಿಯಾಮ್ ಅವಳನ್ನು ಬಾಚಿ ತಬ್ಬಿಕೊಂಡು ಹಣೆಗೆ ಮುತ್ತಿಟ್ಟಳು. ಕೆಲಸ ಕೆಡಿಸಿದ್ದಕ್ಕೆ ಮುತ್ತು ಯಾಕೆಂದು ವಿದಾದಳಿಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಹಿಯಾಮ್ ತಾನೇ ನಜೀಬನಿಗೆ ಫೋನು ಮಾಡಿದಳು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವನು ಬೈದ. ನಿನ್ನ ಕೋಶಗಳೆಲ್ಲ ಹೋದವು, ಒಂದೂ ಉಳಿಯಲಿಲ್ಲ ಎಂದಳು. ಹೇಳುವಾಗ ನಗು ಬಂತು, ಜೊತೆಗೇ ಅಳುವೂ ಬಂತು.

“ಅಷ್ಟಕ್ಕೆ ಅಳ್ತಾರೇನಕ್ಕಾ?” ಎಂದ ನಜೀಬ್. “ಇನ್ನರ್ಧ ನನ್ಹತ್ರಾನೇ ಇದೆಯಲ್ಲ. ಬೇಕಾದ್ರೆ ಬಂದು ತಗೊಂಡ್ಹೋಗು.”

ಹಿಯಾಮಳ ನಗು ನಿಂತುಹೋಯಿತು.

“ಬೇಡ ಕಣೋ,” ಎಂದಳು. “ನೂರು ವರ್ಷ ನಿನ್ನ ಹೊಟ್ಟೇಲೇ ಇರ್ಲಿ.”