ಎರಡು ಸೆಲ್ಲಿನ ಪೆಟ್ಟಿಗೆ

ಭೈರಮ್ಮ ಗೊಬ್ಬರದ ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಾಗ, ಕೊಪ್ಪದ ರಿಪೇರಿ ಅಂಗಡಿಯ ಅಜ್ಮತ್ ನೋಡಿದ ಕೂಡಲೇ ಗುರುತು ಹಿಡಿದ. ಅವನೇ ಮಾಡಿದ ಪೆಟ್ಟಿಗೆ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಕಾಡಂಚಿನಲ್ಲಿ ಕಟ್ಟಿದ ತಂತಿಯನ್ನು ಆನೆ ಜಗ್ಗಿದರೆ, ದಾರಿಯಲ್ಲಿ ಹೋಗುವವರಿಗೆ ಕೇಳುವಂತೆ ಇದರ ಸೈರನ್ ಕೂಗಬೇಕು. ಮನೆಗಳ ತನಕ ಅದರ ಸದ್ದು ಮುಟ್ಟುವುದಿಲ್ಲ.

"ಇದು ಅವತ್ತು ಕೂಗಿತ್ತಾ, ಸಾಬ್ರೆ?"

ಅವತ್ತು ಎಂದರೆ, ಬೆಳಗಿನ ಮಂಜಿನಲ್ಲಿ ಎಸ್ಟೇಟಿನ ಕೆಲಸಕ್ಕೆ ಹೊರಟ ಅವಳ ಗಂಡ ಗುರುವ ಆನೆಯ ಕಾಲಿಗೆ ಸಿಕ್ಕ ದಿನ. ಗುರುವನ ಮಣ್ಣಿಗೆ ಹೋಗಿದ್ದಾಗ ಯಾರೋ ಇದನ್ನೇ ಕೇಳಿದ್ದಕ್ಕೆ ಅಜ್ಮತ್ ಥಟ್ಟನೆ ಹೇಳಿಬಿಟ್ಟಿದ್ದ: "ನನ್ನ ಪೆಟ್ಟಿಗೆ ಕೂಗದೆ ಇರಕ್ಕೆ ಸಾಧ್ಯನೇ ಇಲ್ಲ, ಮಾರಾಯ." ಊರಿಗೆ ಅಷ್ಟು ಸಾಕಾಯಿತು. ಕೂಗಿಯೂ ಕೇಳಿಸಲಿಲ್ಲವೆಂದರೆ ಗುರುವ ಕುಡಿದಿದ್ದನೆಂದೇ ಲೆಕ್ಕ. ಊರಿನ ನಾಲಿಗೆಗೆ ಸತ್ತವನಷ್ಟು ಸಲೀಸು ಇನ್ನಾರೂ ಇಲ್ಲ.

"ಕುಡಿಯದು ಬಿಟ್ಟು ವರ್ಷ ಆಗಿತ್ತು. ಆದ್ರೂ ಗಾನವಿ, ಅಪ್ಪ ಕುಡ್ದೇ ಸತ್ತಿದ್ದು ಅಂತಾಳೆ. ಹೆತ್ತ ಮಗಳು! ಪಟಕ್ಕೆ ಒಂದು ಹೂ ಸೈತ ಇಡಲ್ಲ."

ಅಜ್ಮತ್ ತಿರುಪು ಬಿಚ್ಚಿದ. ಒಳಗೆ ನೀರಿಲ್ಲ, ಇರುವೆಯಿಲ್ಲ. ಎರಡು ಸೆಲ್. ಮೊದಲು ಮೂರಿದ್ದವು. ಕಾಡಂಚಿಗೆ ಹೋಗಿ ಸೆಲ್ ಬದಲಿಸುವುದು ಊರವರಿಗೆ ತಲೆನೋವಾಗಿತ್ತು. ವೋಲ್ಟೇಜ್ ಇಳಿಸಿದರೆ ಚಿಪ್ ಕಡಿಮೆ ಕರೆಂಟು ತಿನ್ನುತ್ತದೆ, ಮಳೆಗಾಲ ಪೂರ್ತಿ ಸೆಲ್ ಬಾಳುತ್ತದೆ ಎಂದು ಒಂದನ್ನು ಅವನೇ ತೆಗೆದಿದ್ದ. ಆಗ ಹೊಸ ಸೆಲ್ ಹಾಕಿ ನೋಡಿದ್ದ; ಕಿವಿ ಗಡಚಿಕ್ಕುವಂತೆ ಕೂಗಿತ್ತು.

"ನೀವೇ ಎಳೀರಿ, ಭೈರಕ್ಕ."

ಅವಳು ತಂತಿಯ ತುಂಡನ್ನು ಎಳೆದಳು. ಹಸಿರು ದೀಪ ಹೊತ್ತಿತು. ಸೈರನ್ ಟಕ್ ಎಂದಿತು, ಅಷ್ಟೇ. ದೀಪ ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಸೈರನ್ ಕರೆಂಟು ಎಳೆದ ಕೂಡಲೇ ಹಳೆಯ ಸೆಲ್ಲುಗಳ ವೋಲ್ಟೇಜ್ ಕುಸಿದು, ಚಿಪ್ ಪ್ರಜ್ಞೆ ತಪ್ಪಿ, ಮೊದಲಿನಿಂದ ಏಳುತ್ತಿತ್ತು. ಅವತ್ತೂ ಹೀಗೇ ಆಗಿರಬೇಕು; ಮೂರನೆಯದು ಇದ್ದಿದ್ದರೆ ಕೂಗುತ್ತಿತ್ತು.

ಅವನ ಕೈ ತಾನಾಗಿಯೇ ಡ್ರಾಯರಿನ ಕಡೆ ಹೋಯಿತು. ಅಲ್ಲಿ ಹೊಸ ಸೆಲ್ಲುಗಳಿವೆ. ತಡೀರಿ, ಬದಲಿಸಿ ನೋಡೋಣ ಅಂದರೆ ಮುಗಿಯಿತು. ಪೆಟ್ಟಿಗೆ ಜೋರಾಗಿ ಕೂಗುತ್ತದೆ, ಅಂಗಡಿಯ ಹೆಸರು ಉಳಿಯುತ್ತದೆ. ಭೈರಮ್ಮ ಇನ್ನೂ ತಂತಿ ಹಿಡಿದೇ ನಿಂತಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕೂಗಿಲ್ಲ, ಭೈರಕ್ಕ. ತಪ್ಪು ನಂದು. ಗುರುವಣ್ಣಂದಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಂಗೆ ಹೇಳಿದ್ರೆ ಎಂತ ಬಂತು? ಗಾನವಿ ಎದ್ರಿಗೆ ಹೇಳಿ" ಅಂದಳು.

ಅವನು ಶಟರ್ ಎಳೆದ. ನಾರ್ವೆಯ ಬಸ್ಸಿನಲ್ಲಿ ಅವನ ಮುಂದಿನ ಸೀಟಿನಲ್ಲಿ ಭೈರಮ್ಮ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ರಸ್ತೆಯ ಗುಂಡಿ ಬಂದಾಗಲೆಲ್ಲ ತಂತಿ ಜಗ್ಗಿ ಹಸಿರು ದೀಪ ಹೊತ್ತುತ್ತಿತ್ತು, ಆರುತ್ತಿತ್ತು. ಅವಳು ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತಿದ್ದಳು.