ಮೂರನೇ ಸುತ್ತು

"ಲೇ ಬೋಳಿಮಗನೇ, ಕಿವಿ ಕೇಳ್ಸಲ್ವೇನೋ? ಬಂದ್ ಮಾಡು ಅಂದ್ರೆ ಬಂದ್ ಮಾಡ್ಬೇಕು!"

ವಾಲ್ವಿನ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದ ನೀರು ಬಿಡುವವನು ತಲೆಯೆತ್ತಿದ. ಅಂಚಿನಲ್ಲಿ ಎಂಜಿನಿಯರ್ ಸಾಹೇಬರ ಬೂಟು, ಅದರ ಪಕ್ಕದಲ್ಲಿ ಮೇಲಿನ ಬಡಾವಣೆಯ ಸಂಘದ ಅಧ್ಯಕ್ಷರ ಬಿಳಿ ಚಪ್ಪಲಿ. ಹದಿನೆಂಟು ವರ್ಷದಿಂದ ಅವನು ದೊಡ್ಡ ಮನುಷ್ಯರನ್ನು ನೋಡುತ್ತ ಬಂದಿದ್ದು ಹೀಗೆಯೇ, ಪಾದದ ಕಡೆಯಿಂದ.

"ಸಾರ್, ಇವತ್ತು ಕೆಳಗಿನ ಬೀದಿ ಸರದಿ. ಹನ್ನೊಂದು ದಿನ ಆಯ್ತು ನೀರು ಕಂಡು. ಬಿಟ್ಟು ಹತ್ತು ನಿಮಿಷಾನೂ ಆಗಿಲ್ಲ. ಪೈಪಲ್ಲಿರೋ ಗಾಳಿ ಹೋಗೋಕೇ ಕಾಲು ಗಂಟೆ ಬೇಕು."

"ಸರದಿ ಪಾಠ ನನಗೇ ಹೇಳ್ತೀಯಾ?"

ಅಧ್ಯಕ್ಷರು ಮಗುವಿಗೆ ತಿಳಿಹೇಳುವಂತೆ ಮೆತ್ತಗೆ ಮಾತಾಡಿದರು. "ನೋಡಪ್ಪಾ, ನಾಲ್ಕು ಲಾರಿ ಹುಲ್ಲು ತರಿಸಿ ಅಂಗಳಕ್ಕೆ ಹಾಸಿದ್ದೀವಿ. ಬೇರು ಹಿಡಿಯೋವರೆಗೂ ದಿನಾ ನೀರು ಬೇಕು. ಆಗಲೇ ಹಳದಿ ತಿರುಗ್ತಾ ಇದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ."

ಹುಲ್ಲಿಗೆ ಹೊಟ್ಟೆ ಉರಿಯುತ್ತದಂತೆ! ಕೆಳಗಿನ ಬೀದಿಯ ನೂರಾಹತ್ತು ಮನೆಗಳ ಕೊಡಗಳು ಬೆಳಗಿನಿಂದ ನಲ್ಲಿಗಳ ಮುಂದೆ ಬಾಯಿ ತೆರೆದು ಕೂತಿದ್ದವು. ಅದಕ್ಕೆ ಉರಿಯುವ ಹೊಟ್ಟೆ ಯಾರಿಗೂ ಇರಲಿಲ್ಲ.

ಪೈಪು ಈ ಗುಂಡಿಯಲ್ಲಿ ಎರಡಾಗುತ್ತದೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಕೆರೆ ತುಂಬಿದ್ದ ಕಾಲದಲ್ಲಿ ಎರಡು ಕಡೆಗೂ ಒಟ್ಟಿಗೇ ನೀರು ಹೋಗುತ್ತಿತ್ತು. ಈಗ ಕೆರೆಯ ತಳ ಬಿರುಕು ಬಿಟ್ಟಿದೆ. ಕೆಳಗಿನ ವಾಲ್ವು ತೆರೆದಿದ್ದರೆ ಮೇಲಕ್ಕೆ ಒಂದು ಹನಿಯೂ ಹತ್ತುವುದಿಲ್ಲ.

ಅವನ ಕಣ್ಣಿಗೆ ಕಟ್ಟಿದ್ದು ತನ್ನ ಮನೆಯ ಮೂಲೆ. ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಎಲ್ಲವೂ ಅಲ್ಲೇ. ಒಗೆಯಲು ನೀರಿಲ್ಲದೆ ಅವಳ ಬಟ್ಟೆಗಳು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದು ನಾರುತ್ತಿದ್ದವು. ಎರಡು ದಿನದಿಂದ ಮುದುಕಿ ಲೋಟಕ್ಕೆ ಬಾಯಿಟ್ಟಿರಲಿಲ್ಲ, ತುಟಿ ಒಡೆದಿತ್ತು. ಬೆಳಿಗ್ಗೆ ಬಲವಂತ ಮಾಡಿದಾಗ ಮುಖ ತಿರುಗಿಸಿದ್ದಳು.

"ಕುಡಿದ್ರೆ ಹಾಸಿಗೆ ಒದ್ದೆ ಆಗುತ್ತೆ ಕಣೋ. ನಿನ್ನ ಹೆಂಡ್ತಿ ಯಾವ ನೀರಲ್ಲಿ ಒಗೀತಾಳೆ?"

"ಇವತ್ತು ನಮ್ಮ ಸರದಿ ಅಮ್ಮಾ. ನಾನೇ ಬಿಡ್ತೀನಿ. ನಲ್ಲೀಲಿ ಬಂದ್ರೆ ಕುಡೀತೀಯಾ?"

"ಬಂದ್ರೆ ಕುಡೀತೀನಿ."

ಊರಿಗೆಲ್ಲ ನೀರು ಬಿಡುವವನ ತಾಯಿ ಬಾಯಾರಿ ಸಾಯಬೇಕೆ? ಅವನಿಗೆ ಅಳು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದ ಸಿಟ್ಟು.

"ಸಾರ್, ಅರ್ಧ ಗಂಟೆ ಬಿಟ್ಬಿಡಿ. ಕೈ ಮುಗೀತೀನಿ. ಮನೇಲಿ ನಮ್ಮಮ್ಮ..."

"ನಿಮ್ಮಮ್ಮನ ಕಥೆ ಕೇಳೋಕೆ ಬಂದಿದ್ದೀನೇನೋ ನಾನು?"

"ಈ ಜನಾನೇ ಹೀಗೆ ಸಾರ್," ಎಂದರು ಅಧ್ಯಕ್ಷರು. "ಎಷ್ಟು ಕೊಟ್ರೂ ಸಾಲಲ್ಲ. ತನ್ನ ಬೀದಿ ಅಂತ ಕದ್ದು ಬಿಟ್ಕೋತಾನೆ."

ಸಾಹೇಬರು ಅಂಗಿಯ ತೋಳು ಮಡಚಿದರು. "ಎದ್ದೇಳೋ ಮೇಲೆ! ನಾನೇ ಮುಚ್ತೀನಿ."

"ಬೇಡ ಸಾರ್. ಹಳೇ ವಾಲ್ವು. ಅದಕ್ಕೆ ಕೈ ಪಳಗಿರ್ಬೇಕು."

"ಏನು ಮಹಾ ವಿದ್ಯೇನೋ ಇದು? ಕತ್ತೆ ಕೈಗೆ ಕೊಟ್ರೂ ತಿರುಗಿಸುತ್ತೆ."

ಅಧ್ಯಕ್ಷರು ಕಿಸಕ್ಕನೆ ನಕ್ಕರು. ಅವನು ಕಬ್ಬಿಣದ ಕೀಲಿಯನ್ನು ಪೈಪಿನ ಮೇಲಿಟ್ಟು ಗುಂಡಿಯಿಂದ ಹತ್ತಿದ. ಸಾಹೇಬರು ಪ್ಯಾಂಟು ಎತ್ತಿಕೊಂಡು ಇಳಿದರು.

ಆ ವಾಲ್ವಿನ ಗುಣ ಅವನ ಅಂಗೈಗೆ ಮಾತ್ರ ಗೊತ್ತು. ಮುಚ್ಚಲು ಹತ್ತೊಂಬತ್ತು ಸುತ್ತು. ಮೂರನೆಯದಕ್ಕೆ ಹಟ ಹಿಡಿಯುತ್ತದೆ. ಆಗ ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ರಮಿಸಿ, ಮತ್ತೆ ಮುಂದಕ್ಕೆ ತಿರುಗಿಸಬೇಕು. ಒತ್ತಾಯ ಮಾಡಿದರೆ ಒಳಗಿನ ಸವೆದ ಕಡ್ಡಿ ತುಂಡಾಗುತ್ತದೆ. ಹೊಸದು ಹಾಕಿಸಿ ಎಂದು ಮೂರು ವರ್ಷದಿಂದ ಇದೇ ಸಾಹೇಬರ ಮೇಜಿನ ಮುಂದೆ ನಿಂತು ಬಂದಿದ್ದ. "ಮಂಜೂರಾಗ್ಬೇಕಲ್ಲಯ್ಯಾ" ಎಂದು ಅವರು ತಲೆಯೆತ್ತದೆ ಹೇಳುತ್ತಿದ್ದರು.

ಒಂದು ಸುತ್ತಾಯಿತು. ಎರಡಾಯಿತು.

"ಯಾಕೋ ಬಿಗಿಯಾಯ್ತು?"

ಹಿಂದಕ್ಕೆ ಬಿಡಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂತು. ಅವನು ಅದನ್ನು ನುಂಗಿದ.

"ಬಲ ಹಾಕಿ ಸಾರ್."

ಸಾಹೇಬರು ಹಲ್ಲು ಕಚ್ಚಿ ಬಲ ಹಾಕಿದರು. ಒಳಗೆಲ್ಲೋ ಪಟ್ಟೆಂದಿತು. ಕೀಲಿ ಸಲೀಸಾಗಿ ಗರಗರ ತಿರುಗತೊಡಗಿತು. ಪೈಪಿನಲ್ಲಿ ನೀರು ಕೆಳಗಿಳಿಯುವ ಸದ್ದು ಮಾತ್ರ ನಿಲ್ಲಲಿಲ್ಲ.

"ಏನಾಯ್ತೋ?"

"ಕಡ್ಡಿ ಮುರೀತು. ಇನ್ನು ಮುಚ್ಚಲ್ಲ."

"ಮುಚ್ಚಲ್ಲ ಅಂದ್ರೆ? ಹುಲ್ಲಿಗೇನು ಗತಿ?" ಅಧ್ಯಕ್ಷರ ಮೆತ್ತನೆಯ ದನಿ ಒಡೆದಿತ್ತು.

"ಟ್ಯಾಂಕಲ್ಲೇ ನಿಲ್ಸಿದ್ರೆ ನಿಮಗೂ ಇಲ್ಲ. ರಸ್ತೆ ಅಗೆದು ಹೊಸ ವಾಲ್ವು ಕೂರಿಸ್ಬೇಕು." ಅವನು ಸಾಹೇಬರತ್ತ ತಿರುಗಿದ. "ಮಂಜೂರಾಗ್ಬೇಕಲ್ಲ ಸಾರ್."

ಸಾಹೇಬರ ಮುಖ ಕೆಂಪೇರಿತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಅಲ್ವೇನೋ, ಸೂಳೆಮಗನೇ! ನಾಳೆಯಿಂದ ಕೆಲಸಕ್ಕೆ ಬಂದ್ರೆ ಕಾಲು ಮುರೀತೀನಿ."

"ಕತ್ತೇನ ಇಟ್ಕೊಳ್ಳಿ ಸಾರ್," ಎಂದು ಅವನು ಇಳಿಜಾರಿನಲ್ಲಿ ನಡೆದ. ಇನ್ನು ಮನೆ ನಡೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಬೀದಿಯಲ್ಲಿ ನಲ್ಲಿಗಳು ಕೆಮ್ಮಿ ಕೆಮ್ಮಿ ಗಾಳಿ ಉಗುಳಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾದವು. ಹೆಂಡತಿ ನಾರುವ ಬಟ್ಟೆಗಳನ್ನು ಆಗಲೇ ಬಕೆಟ್ಟಿಗೆ ಅದ್ದಿದ್ದಳು. ಅವನು ಲೋಟ ತುಂಬಿಸಿಕೊಂಡು ಒಳಗೆ ಹೋದ.

"ಒಗೆಯೋಕೆ ಉಳಿಯುತ್ತೇನೋ?" ಎಂದಳು ತಾಯಿ.

"ಬೇಕಾದಷ್ಟಿದೆ. ಕುಡಿ."

ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದಳು. ಗದ್ದದಿಂದ ಕತ್ತಿಗೆ ನೀರು ಇಳಿಯಿತು. ಖಾಲಿ ಲೋಟ ಮುಂದೆ ಚಾಚಿದಳು. "ಇನ್ನೊಂದು ತಾರೋ."

ಅಷ್ಟರಲ್ಲಿ ಸಾಹೇಬರ ಇಲಾಖೆಯ ಜೀಪು ಬಂದು ಬಾಗಿಲ ಮುಂದೆ ನಿಂತಿತು. ಯಾರೋ ಅವನ ತಾಯಿಯ ಹೆಸರೆತ್ತಿ ಬೈಯುತ್ತ ಅವನನ್ನು ಹೊರಗೆ ಕರೆದರು. ಅವನು ಲೋಟ ತೆಗೆದುಕೊಂಡು ನಲ್ಲಿಯ ಹತ್ತಿರ ಹೋಗಿ, ಅದು ತುಂಬುವವರೆಗೂ ತಲೆಯೆತ್ತಲಿಲ್ಲ.